ಎಷ್ಟನೇ ಸ್ಟೇಜ್ ಎನ್ನುವ ಮೊದಲು, ಯಾವ ಬಗೆ ಎಂದು ಕೇಳಿ



ಏಲೂರಿನ ನಮ್ಮ ಮನೆಗಳಲ್ಲಿ ಯಾರಿಗಾದರೂ ಲಿಂಫೋಮಾ ಎಂದು ಗೊತ್ತಾದರೆ ಊರಿನಿಂದ ಬರುವ ಫೋನಿನಲ್ಲಿ ಎರಡೇ ಪ್ರಶ್ನೆ: "ಎಷ್ಟನೇ ಸ್ಟೇಜ್? ಉಳೀತಾರಾ?" ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು, *"ಯಾವ ಬಗೆಯ ಲಿಂಫೋಮಾ?"*

ಲಿಂಫೋಮಾ ಒಂದೇ ಕಾಯಿಲೆಯಲ್ಲ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟುವ 60ಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್‌ಗಳಿಗೆ ಇರುವ ಒಂದೇ ಮನೆತನದ ಹೆಸರು. ಮನೆತನ ಒಂದಾದರೂ ಗುಣ ಬೇರೆ ಬೇರೆ.

🔸 *ಹಾಜ್‌ಕಿನ್:* ನಾಲ್ಕನೇ ಸ್ಟೇಜಿನಲ್ಲಿಯೂ ಬಹಳ ಮಂದಿ ಗುಣವಾಗುತ್ತಾರೆ.
🔸 *ಫಾಲಿಕ್ಯುಲರ್:* ನಿಧಾನವಾದದ್ದು. ಪೂರ್ತಿ ಹೋಗುವುದು ಕಷ್ಟ, ಆದರೆ ಅದರ ಜೊತೆಯಲ್ಲೇ ಹತ್ತು-ಹದಿನೈದು ವರ್ಷ ಬದುಕುವವರು ಅನೇಕರು. ಕೆಲವರಿಗೆ ಆರಂಭದಲ್ಲಿ ಔಷಧಿಯೇ ಬೇಡ, ತಪಾಸಣೆ ಸಾಕು.
🔸 *ಡಿಎಲ್‌ಬಿಸಿಎಲ್:* ವೇಗವಾಗಿ ಬೆಳೆಯುತ್ತದೆ. ಆದರೂ ಸರಿಯಾದ ಚಿಕಿತ್ಸೆ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ.
🔸 *ಬರ್ಕಿಟ್:* ದಿನಗಳಲ್ಲೇ ದೊಡ್ಡದಾಗುತ್ತದೆ. ಒಂದು ವಾರ ಕಾಯುವುದೂ ಅಪಾಯ.

ಹಾಗಾಗಿ "ಪಕ್ಕದ ಮನೆಯವರಿಗೂ ಇದೇ ಆಗಿತ್ತು, ಉಳಿಯಲಿಲ್ಲ" ಎಂಬ ಮಾತನ್ನು ರೋಗಿಯ ಮುಂದೆ ಆಡಬೇಡಿ. ಅವರದು ಬೇರೆ ಬಗೆ ಇದ್ದಿರಬಹುದು.

ಬಗೆ ತಿಳಿದ ಮೇಲೆ ಉಳಿದ ಲೆಕ್ಕ. ವೇಗದ ಲಿಂಫೋಮಾಗಳಿಗೆ 1993ರಿಂದ ವೈದ್ಯರು ಐದು ವಿಷಯ ನೋಡುತ್ತಾರೆ: ವಯಸ್ಸು 60 ದಾಟಿದೆಯೇ, ಸ್ಟೇಜ್ ಎಷ್ಟು, ರಕ್ತದಲ್ಲಿ ಎಲ್‌ಡಿಎಚ್ ಹೆಚ್ಚಿದೆಯೇ, ರೋಗಿ ಎದ್ದು ಓಡಾಡುತ್ತಾರೆಯೇ, ಗ್ರಂಥಿಗಳ ಹೊರಗೆ ಎಷ್ಟು ಕಡೆ ಹರಡಿದೆ. ಸ್ಟೇಜ್ ಐದರಲ್ಲಿ ಒಂದು ಮಾತ್ರ. ಬರುವ ಅಂಕಿಯೂ ನೂರಾರು ರೋಗಿಗಳ ಸರಾಸರಿ. ನಿಮ್ಮ ಅಮ್ಮನ ಹಣೆಬರಹವಲ್ಲ.

"ಹೆಸರು ತಿಳಿದು ನಮಗೇನು, ಡಾಕ್ಟರು ನೋಡಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಆದರೆ ಪರೀಕ್ಷೆಗೆ ಒಪ್ಪುವವರು, ಹಣ ಕಟ್ಟುವವರು ನಾವೇ ಅಲ್ಲವೇ? ಬರೀ ಸೂಜಿ ಪರೀಕ್ಷೆಯಿಂದ ಬಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಗಂಟನ್ನು ತೆಗೆದು ಬಯಾಪ್ಸಿ ಮಾಡಬೇಕು, ಮೇಲೆ ಐಎಚ್‌ಸಿ ಪರೀಕ್ಷೆಯೂ ಬೇಕು. ಜೀವಕೋಶದ ಮೇಲೆ ಸಿಡಿ20 ಗುರುತು ಇದ್ದರೆ ಮಾತ್ರ ರಿಟುಕ್ಸಿಮ್ಯಾಬ್ ಔಷಧಿ ಉಪಯೋಗ. ಖರ್ಚು ಉಳಿಸಲು ಈ ಪರೀಕ್ಷೆ ಬಿಟ್ಟರೆ ಮುಂದಿನ ಚಿಕಿತ್ಸೆಯೇ ದಾರಿ ತಪ್ಪಬಹುದು.

ವಲಸೆ ಬಂದ ನಮಗೆ ಇನ್ನೊಂದು ಮಾತು. ಪಕ್ಕದ ಕಳಮಶ್ಶೇರಿಯಲ್ಲೋ ತಿರುವನಂತಪುರದ ಆರ್‌ಸಿಸಿಯಲ್ಲೋ ಪರೀಕ್ಷೆ ಮಾಡಿಸಿ, ನೋಡಿಕೊಳ್ಳಲು ಜನ ಇದ್ದಾರೆಂದು ಬೆಂಗಳೂರಿನ ಕಿದ್ವಾಯಿಗೆ ಹೋಗುವುದುಂಟು. ಹೋಗುವಾಗ ರಿಪೋರ್ಟ್ ಮಾತ್ರವಲ್ಲ, ಬಯಾಪ್ಸಿಯ *ಸ್ಲೈಡ್ ಮತ್ತು ಬ್ಲಾಕ್* ಕೇಳಿ ಪಡೆದುಕೊಳ್ಳಿ. ಇಲ್ಲವಾದರೆ ಅಲ್ಲಿ ಮತ್ತೆ ಮೊದಲಿನಿಂದ ಶುರುವಾಗಬಹುದು. ವೇಗದ ಬಗೆಗೆ ಅಷ್ಟು ಸಮಯ ಇರುವುದಿಲ್ಲ.

ನಾಳೆ ಆಸ್ಪತ್ರೆಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಈ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡಿ. ಗುಂಪಿನ ಇತರರಿಗೂ ತಲುಪಿಸಿ. 🙏