ಒಂದು ದಿನ ತಪ್ಪಿದ್ರೆ ಏನಾಯ್ತು?

“ನೂರಾ ಹನ್ನೆರಡು ದಿನ ಒಂದೂ ಬಿಡದೆ ಮಾಡಿದ್ದೆ ನೋಡ್ರಿ. ತಂಗಿ ಮಗಳ ಮದುವೆ ಗಡಿಬಿಡಿಯಲ್ಲಿ ಒಂದೇ ಒಂದು ದಿನ ಮರೆತೆ. ಬೆಳಿಗ್ಗೆ ತೆಗೆದು ನೋಡಿದ್ರೆ ಸೊನ್ನೆ! ಆಮೇಲೆ ಆ ಆ್ಯಪ್ ಮುಟ್ಟೋಕೇ ಮನಸ್ಸಾಗಲಿಲ್ಲ...”

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಗೃಹಿಣಿಯೊಬ್ಬರು ಮೊನ್ನೆ ಹೀಗೆ ಬೇಸರ ತೋಡಿಕೊಂಡರು. ಮಗ-ಸೊಸೆ ಅಮೆರಿಕದಲ್ಲಿದ್ದಾರೆ. ಐದು ವರ್ಷದ ಮೊಮ್ಮಗಳು ವಿಡಿಯೊ ಕಾಲ್‌ನಲ್ಲಿ ಪಟಪಟ ಅಂತ ಇಂಗ್ಲಿಷ್ ಮಾತಾಡ್ತಾಳೆ. ಇವರಿಗೆ ಅರ್ಧ ಅರ್ಥವಾಗುತ್ತೆ, ಉತ್ತರ ಕೊಡೋಕೆ ಮಾತ್ರ ಬಾಯಿ ಬರಲ್ಲ. ಫೋನನ್ನು ಯಜಮಾನರ ಕೈಗಿತ್ತು, ‘ಒಲೆ ಮೇಲೆ ಹಾಲಿದೆ’ ಅಂತ ಅಡುಗೆಮನೆ ಸೇರಿಬಿಡ್ತಾರೆ. ಆ ಸಂಕಟಕ್ಕೇ ಮೊಬೈಲ್‌ನಲ್ಲಿ ಇಂಗ್ಲಿಷ್ ಕಲಿಯಲು ಶುರು ಮಾಡಿದ್ದು.

“ಆ ನೂರಾ ಹನ್ನೆರಡು ದಿನದಲ್ಲಿ ಮೊಮ್ಮಗಳ ಹತ್ತಿರ ಎಷ್ಟು ಸಲ ಇಂಗ್ಲಿಷ್‌ನಲ್ಲಿ ಮಾತಾಡಿದ್ರಿ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದ್ಸಲಾನೂ ಇಲ್ಲ” ಅಂದರು. ರಾತ್ರಿ ಹನ್ನೊಂದೂವರೆಗೆ ನೆನಪಾಗಿ, ಬರುವ ಹಳೇ ಪಾಠವನ್ನೇ ಮತ್ತೆ ಒತ್ತಿ ಲೆಕ್ಕ ಉಳಿಸಿಕೊಂಡ ದಿನಗಳೇ ಹೆಚ್ಚಂತೆ!

ಗೆಳತಿಯರೇ, ಎಡವಿದ್ದು ಇಲ್ಲೇ ಅಲ್ವಾ? ತಪ್ಪಿಹೋದ ಆ ಒಂದು ದಿನದಿಂದ ಅವರಿಗೆ ನಷ್ಟವಾಗಲಿಲ್ಲ. ಲೆಕ್ಕವನ್ನೇ ಕಲಿಕೆ ಅಂದುಕೊಂಡದ್ದರಿಂದ ಆಯಿತು.

2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಡ್ಯುಯೊಲಿಂಗೊ ಇರಲಿ, ಬೇರೆ ಆ್ಯಪ್‌ಗಳಿರಲಿ, ನಮ್ಮನ್ನು ದಿನಾ ಕರೆಸಿಕೊಳ್ಳಲು ಅವುಗಳ ಹತ್ತಿರ ಉಪಾಯಗಳಿವೆ. ದಿನದ ಗುರಿ, ಪಾಠಕ್ಕಿಷ್ಟು ಅಂಕ, ವಾರದ ಪೈಪೋಟಿ, ಬಿಡದೆ ಬಂದ ದಿನಗಳ ಎಣಿಕೆಯಾದ ‘ಸ್ಟ್ರೀಕ್’. ಇವು ಕೆಟ್ಟವೇನಲ್ಲ. ಮೊದಲ ತಿಂಗಳು ನಮ್ಮನ್ನು ಎಳೆದು ಕೂರಿಸೋದೇ ಇವು. ಆದರೆ ಬಹುಮಾನಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿತ್ರ ಬರೆಯಲು ಇಷ್ಟಪಡುವ ಶಿಶುವಿಹಾರದ ಮಕ್ಕಳಿಗೆ ‘ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಕೆಲವು ದಿನದ ನಂತರ ನೋಡಿದರೆ, ಆ ಆಸೆಯಿಂದ ಬರೆದ ಮಕ್ಕಳಿಗೇ ಬರೆಯುವ ಉತ್ಸಾಹ ತಗ್ಗಿತ್ತು!

ಇನ್ನು ತಪ್ಪಿದ ದಿನದ ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಊಟ, ವ್ಯಾಯಾಮದಂಥ ಹೊಸ ಅಭ್ಯಾಸಗಳು ಹೇಗೆ ಬೇರೂರುತ್ತವೆ ಅಂತ 96 ಮಂದಿಯನ್ನು ಗಮನಿಸಿದರು. 2010ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕು, ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ ಅನ್ನೋದು ನಮಗೆ ಬೇಕಾದ ಮಾತು.

ಇದನ್ನು ಲಂಡನ್ನಿನವರೇ ಹೇಳಬೇಕೇ? ನೇಮ ಹಿಡಿಯೋದು ನಮಗೇನು ಹೊಸದಾ? ಬೆಳಗಾದರೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡ್ತೀವಿ. ಸಂಜೆಗೆ ಅಳಿಸಿಹೋಗುತ್ತೆ, ನಾಳೆ ಮತ್ತೆ ಇಡ್ತೀವಿ. ಇದು ಎಷ್ಟನೇ ರಂಗೋಲಿ ಅಂತ ಯಾರೂ ಎಣಿಸಲ್ಲ. ಹದಿನಾರು ಸೋಮವಾರದ ವ್ರತ ಹಿಡಿದವರು ನಡುವೆ ಮುಟ್ಟಾದರೆ, ಆ ವಾರ ಬಿಟ್ಟು ಮುಂದಿನ ವಾರ ಸೇರಿಸಿಕೊಳ್ಳುವುದುಂಟು. ವ್ರತವೇ ಕೆಟ್ಟಿತು ಅಂತ ಕೈಬಿಡಲ್ಲ. ಹಾಗಿದ್ದ ಮೇಲೆ ಒಂದು ಆ್ಯಪ್ ಸೊನ್ನೆ ತೋರಿಸಿದ್ದಕ್ಕೆ ಯಾಕಿಷ್ಟು ಟೆನ್ಷನ್?

ಹೀಗೆ ಮಾಡಿ ನೋಡಿ:

* ಗುರಿ ಚಿಕ್ಕದಿರಲಿ. ಹುರುಪಿನಲ್ಲಿ ದಿನಕ್ಕೆ ಅರ್ಧ ಗಂಟೆ ಅಂತ ಶುರು ಮಾಡಿ ವಾರಕ್ಕೇ ಸುಸ್ತಾಗಬೇಡಿ. ಹತ್ತು ನಿಮಿಷ ಸಾಕು.

* ದಿನಾ ಮಾಡುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ. ಎಲ್ಲರೂ ಮನೆಯಿಂದ ಹೊರಟ ಮೇಲೆ ಎರಡನೇ ಲೋಟ ಕಾಫಿ ಕುಡೀತೀರಲ್ಲ, ಆ ಹೊತ್ತಿಗೆ ಪಾಠ. ಕಣ್ಣು ಎಳೆಯುವ ರಾತ್ರಿಗೆ ಉಳಿಸಿಕೊಳ್ಳಬೇಡಿ.

* ಎಣಿಸಲೇಬೇಕು ಅಂದ್ರೆ ಮಾತನ್ನು ಎಣಿಸಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಗುರುತು ಹಾಕಿ. ಪಾಠ ಮುಗಿದದ್ದಕ್ಕಲ್ಲ, ಕಲಿತ ಒಂದು ವಾಕ್ಯವನ್ನು ಮನುಷ್ಯರ ಹತ್ತಿರ ಆಡಿದ್ದಕ್ಕೆ.

* ಬಹುಮಾನ ನೀವೇ ಕೊಟ್ಟುಕೊಳ್ಳಿ. ವಾರದಲ್ಲಿ ಐದು ಗುರುತು ಬಿದ್ದರೆ ಭಾನುವಾರ ಸಂಜೆ ಮಿರ್ಚಿ-ಮಂಡಕ್ಕಿ! ಕುಂದುವಾಡ ಕೆರೆ ಕಡೆ ವಾಕಿಂಗ್ ಹೋಗುವವರಾದರೆ, ಜೊತೆಗಿರುವ ಗೆಳತಿಯೊಂದಿಗೆ ಒಂದು ಸುತ್ತು ಪೂರಾ ಇಂಗ್ಲಿಷ್‌ನಲ್ಲೇ ಹರಟಿ. ತಪ್ಪಾದರೆ ಇಬ್ಬರೂ ನಕ್ಕುಬಿಡಿ.

* ಪೈಪೋಟಿ ಪಟ್ಟಿ ನೋಡಿ ಮನಸ್ಸು ಕೆಡುತ್ತದೆಯಾದರೆ ಆ ಕಡೆ ನೋಡಲೇಬೇಡಿ. ಲೆಕ್ಕ ಉಳಿಸಿಕೊಳ್ಳಲು ದುಡ್ಡಂತೂ ಸುರಿಯಬೇಡಿ.

2012ರಲ್ಲೇ ತೆರೆಕಂಡ ಗೌರಿ ಶಿಂಧೆ ಅವರ ‘ಇಂಗ್ಲಿಷ್ ವಿಂಗ್ಲಿಷ್’ ಸಿನಿಮಾ ನೆನಪಿದೆಯಾ? ಶ್ರೀದೇವಿ ನ್ಯೂಯಾರ್ಕಿನಲ್ಲಿ ನಾಲ್ಕು ವಾರದ ತರಗತಿ ಸೇರ್ತಾರೆ. ಕೊನೆಯ ಪರೀಕ್ಷೆಗೆ ಹೋಗೋಕೇ ಆಗಲ್ಲ, ಮದುವೆಗೆ ಮಾಡಿಟ್ಟ ಲಾಡು ಬಿದ್ದು ಹಾಳಾಗಿ ಮತ್ತೆ ಮಾಡಬೇಕಾಗುತ್ತೆ. ಆದರೂ ಮದುವೆಮನೆಯಲ್ಲಿ ಎಲ್ಲರ ಮುಂದೆ ಎದ್ದುನಿಂತು ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡ್ತಾರೆ. ತಪ್ಪಿಹೋದ ಪರೀಕ್ಷೆಗಿಂತ ಆಡಿದ ಆ ಮಾತೇ ದೊಡ್ಡದಲ್ವಾ?

ಇನ್ನೊಂದು ಮಾತು ಮನೆಯವರಿಗೆ. ‘ಈ ವಯಸ್ಸಲ್ಲಿ ಇವಳಿಗ್ಯಾಕೆ ಇಂಗ್ಲಿಷು’ ಅನ್ನುವ ಒಂದು ನಗು ನೂರು ದಿನದ ಹುರುಪನ್ನು ಕೊಂದುಬಿಡುತ್ತೆ. ಕುಕ್ಕರ್ ಕೂಗಿದರೆ ಆ ಹತ್ತು ನಿಮಿಷ ನೀವು ಎದ್ದುಹೋಗಿ ಒಲೆ ಆರಿಸಿ. ಅವರು ತೊದಲಿದಾಗ ವಾಕ್ಯ ಮುಗಿಯುವವರೆಗೆ ಕಾಯಿರಿ. ಯಾವ ಆ್ಯಪ್ ಕೂಡ ಕೊಡಲಾಗದ ಬಹುಮಾನ ಅದು.

ಹಾಗಾದರೆ ಮೊಮ್ಮಗಳು ಕನ್ನಡ ಕಲಿಯೋದು ಬೇಡವೇ ಅಂತೀರಾ? ಖಂಡಿತ ಬೇಕು. ಅಜ್ಜಿ ಒಂದು ಇಂಗ್ಲಿಷ್ ವಾಕ್ಯ ಹೇಳಲಿ, ಮೊಮ್ಮಗಳು ಒಂದು ಕನ್ನಡ ಪದ ಹೇಳಲಿ. ಲೆಕ್ಕ ಸರಿಹೋಯಿತಲ್ಲ!

ನಿಜಲಿಂಗಪ್ಪ ಬಡಾವಣೆಯ ಆ ಗೃಹಿಣಿ ಈಗ ಸೊನ್ನೆಯಿಂದಲೇ ಮತ್ತೆ ಶುರು ಮಾಡಿದ್ದಾರೆ. ಈ ಭಾನುವಾರ ಫೋನ್ ಯಜಮಾನರಿಗೆ ಕೊಡಲ್ಲ ಅಂದಿದ್ದಾರೆ. “ಏನು ಊಟ ಮಾಡಿದೆ ಅಂತ ಇಂಗ್ಲಿಷ್‌ನಲ್ಲಿ ಕೇಳ್ತೀನಿ.”

“ಅವಳು ಹೇಳಿದ್ದು ಅರ್ಥವಾಗದಿದ್ರೆ?”

“ಇನ್ನೊಂದ್ಸಲ ಹೇಳು ಪುಟ್ಟಿ ಅಂತೀನಿ. ಅದನ್ನೂ ಕಲ್ತಿದೀನಲ್ರೀ!”