ಯಂತ್ರವೂ ಒಂದು ಸಾಕ್ಷಿ

‘ಸಾಕ್ಷಿ’ ಎಂಬ ಶಬ್ದದಲ್ಲಿ ‘ಅಕ್ಷಿ’ ಅಡಗಿದೆ. ಅಕ್ಷಿ ಎಂದರೆ ಕಣ್ಣು. ಕಣ್ಣಾರೆ ಕಂಡವನೇ ಸಾಕ್ಷಿ. ಬಹುಕಾಲದವರೆಗೆ ನ್ಯಾಯದಾನವು ಈ ಕಣ್ಣನ್ನೂ ಅದನ್ನು ನುಡಿಯುವ ನಾಲಗೆಯನ್ನೂ ನಂಬಿ ನಡೆಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1800ರಲ್ಲಿ ಕಂಪನಿಯ ಆಳ್ವಿಕೆಗೆ ಸೇರಿತು. ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಪ್ರೇರಣೆಯಿಂದ, ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವನ್ನು ಮದ್ರಾಸ್ ಸರ್ಕಾರವು 1816ರಲ್ಲಿ ಊರಗೌಡರಿಗೆ ಕೊಟ್ಟಿತು. ಗೌಡನು ವಾದಿ ಪ್ರತಿವಾದಿಗಳ ಹೊಲವನ್ನೂ ಬಲ್ಲ, ಗುಣವನ್ನೂ ಬಲ್ಲ. ಆ ಪರಿಚಯವೇ ಅನುಕೂಲ, ಅದೇ ಅಪಾಯ. ಗೌಡನಿಗೆ ಬೇಡವಾದವನ ಗತಿಯೇನು? ಯಾವುದು ಪುರಾವೆ, ಯಾವುದು ಗಾಳಿಮಾತು ಎಂಬುದಕ್ಕೆ 1872ರ ಸಾಕ್ಷ್ಯ ಅಧಿನಿಯಮವು ಎಲ್ಲರಿಗೂ ಒಂದೇ ಅಳತೆಗೋಲನ್ನು ಒದಗಿಸಿತು.

2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವೂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿವೆ. ಮೊದಲು ಪೊಲೀಸರು ಮನೆ ಶೋಧಿಸಿದಾಗ ಮಹಜರು ಬರೆದು ಪಂಚರ ರುಜು ಪಡೆಯುತ್ತಿದ್ದರು. ವರ್ಷಗಳ ತರುವಾಯ ಪಂಚನು ಕಟಕಟೆಗೆ ಬಂದು, “ಬರೆದ ಕಾಗದಕ್ಕೆ ರುಜು ಹಾಕಿದೆ, ಒಳಗೇನಿದೆಯೋ ಅರಿಯೆ” ಎಂದರೆ ಮೊಕದ್ದಮೆಯೇ ಕುಸಿಯುತ್ತಿತ್ತು. ಈಗ ಶೋಧ, ಜಪ್ತಿಗಳನ್ನು ಧ್ವನಿಸಹಿತ ಚಿತ್ರೀಕರಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಇದು ಪೊಲೀಸರಿಗೂ ಕಡಿವಾಣ, ಪಂಚರಿಗೂ ಕಡಿವಾಣ. ಹರಪನಹಳ್ಳಿಯಿಂದ ದೂರದ ಜಿಲ್ಲೆಗೆ ವರ್ಗವಾದ ವೈದ್ಯರು ಅಲ್ಲಿಂದಲೇ ವಿಡಿಯೋ ಮೂಲಕ ಸಾಕ್ಷ್ಯ ನುಡಿಯಬಹುದು. ಇದರಿಂದ ಎಷ್ಟು ವಾಯಿದೆಗಳು ಉಳಿದಾವು! ಆದರೆ ಸಾಕ್ಷಿಯ ಹಾವಭಾವಗಳನ್ನೂ ನ್ಯಾಯಾಧೀಶರು ಗಮನಿಸಿ ದಾಖಲಿಸಬಹುದೆಂದು ಕಾನೂನೇ ಹೇಳುತ್ತದೆ. ಪರದೆಯ ಮೇಲೆ ಮುಖವಷ್ಟೇ ಕಾಣುತ್ತದೆ; ನಡುಗುವ ಕೈ ಕಾಣುವುದಿಲ್ಲ.

ಯಂತ್ರವು ಸುಳ್ಳಾಡದು ಎಂಬ ನಂಬಿಕೆ ಜನರಲ್ಲಿ ಬಲವಾಗುತ್ತಿದೆ. ನಾನಿದನ್ನು ಒಪ್ಪಲಾರೆ. ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ ‘ಹ್ಯಾಶ್’ ಎಂಬ ಸಂಕೇತವನ್ನೂ ಸಲ್ಲಿಸಬೇಕೆಂದು ಹೊಸ ಕಾಯಿದೆ ವಿಧಿಸಿದೆ. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಈ ಸಂಕೇತ ಬದಲಾಗುತ್ತದೆ. ಆದರೆ ಅದು ಸಾರುವುದು ಸಂಕೇತ ಪಡೆದ ಮೇಲೆ ಯಾರೂ ತಿದ್ದಿಲ್ಲವೆಂಬುದನ್ನು ಮಾತ್ರ; ಮೊದಲು ಚಿತ್ರಿಸಿದ್ದು ಪೂರ್ಣ ಸತ್ಯವೆಂಬುದನ್ನಲ್ಲ. ಬದುವಿನ ಮೇಲೆ ಹತ್ತು ನಿಮಿಷ ನಡೆದ ಜಗಳದ ಕೊನೆಯ ಅರ್ಧ ನಿಮಿಷವನ್ನಷ್ಟೇ ಫೋನಿನಲ್ಲಿ ಹಿಡಿದರೆ, ಪೆಟ್ಟು ತಿಂದವನೇ ಹೊಡೆದವನಾಗಿ ತೋರಬಹುದು. ಮನುಷ್ಯಸಾಕ್ಷಿಗೆ ಪಾಟೀಸವಾಲು ಇರುವಂತೆ ಯಂತ್ರಸಾಕ್ಷಿಗೂ ಇರಬೇಕು. ಹಿಡಿದವರಾರು, ಆರಂಭವೆಲ್ಲಿ, ಉಳಿದ ಭಾಗವೆಲ್ಲಿ ಎಂದು ಫೋನನ್ನೇ ಕಾಣದ ಬಡವನ ವಕೀಲನೂ ಕೇಳುವಂತಾಗಬೇಕು.

ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗಾಗಲಿ ಸುಳ್ಳುಪತ್ತೆ ಯಂತ್ರಕ್ಕಾಗಲಿ ಒಡ್ಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಕರ್ನಾಟಕ ರಾಜ್ಯವೇ ಪಕ್ಷವಾಗಿದ್ದ ಸೆಲ್ವಿ ಪ್ರಕರಣದಲ್ಲಿ ತೀರ್ಪಿತ್ತಿತು. ಆಗ ಯಂತ್ರವು ಆರೋಪಿಯ ಮನಸ್ಸನ್ನು ಹೊಗಲು ಹವಣಿಸಿತ್ತು. ಈಗ ನ್ಯಾಯಾಧೀಶರ ಮೇಜನ್ನೇರಿದೆ. ಬೆಂಗಳೂರಿನ ನ್ಯಾಯಾಲಯವೊಂದರ ಆದೇಶದಲ್ಲಿ ಉದಾಹರಿಸಿದ್ದ ಮೇಲಿನ ನ್ಯಾಯಾಲಯಗಳ ಕೆಲವು ತೀರ್ಪುಗಳು ಎಂದೂ ಹೊರಬಂದೇ ಇರಲಿಲ್ಲವೆಂಬ ಸಂಗತಿ 2025ರಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಗಮನಕ್ಕೆ ಬಂದಿತು. ಅವು ಎಲ್ಲಿಂದಲೇ ಬಂದಿರಲಿ, ಪರೀಕ್ಷಿಸದೆ ನಂಬಿದ್ದು ತಪ್ಪು. ಕೃತಕ ಬುದ್ಧಿಮತ್ತೆಯು ಇಂಥ ಇಲ್ಲದ ತೀರ್ಪುಗಳನ್ನು ನಿಜದಂತೆಯೇ ಬರೆದುಕೊಡಬಲ್ಲದು. ಅದೇ ವರ್ಷ ಕೇರಳದ ಉಚ್ಚ ನ್ಯಾಯಾಲಯವು, ತೀರ್ಮಾನಕ್ಕೆ ಬರಲು ಕೆಳಗಿನ ನ್ಯಾಯಾಲಯಗಳು ಕೃತಕ ಬುದ್ಧಿಮತ್ತೆಯನ್ನು ಬಳಸಕೂಡದೆಂದು ನಿಯಮ ಮಾಡಿತು. ಭಾಷಾಂತರಕ್ಕೆ, ಕಡತ ಹುಡುಕುವುದಕ್ಕೆ ಯಂತ್ರ ನೆರವಾಗಲಿ. ಹಡಗಲಿಯ ರೈತನು ಹೊಲ ಕಳೆದುಕೊಂಡರೆ, ಏಕೆ ಕಳೆದುಕೊಂಡೆನೆಂಬ ಕಾರಣವನ್ನು ಅವನಿಗೆ ಒಬ್ಬ ಮನುಷ್ಯನೇ ಬರೆದು ತಿಳಿಸತಕ್ಕದ್ದು.