ಗುಳೆ ಹೋದವರ ಸೆಸ್ಸಿನಲ್ಲಿ ಊರಿಗೂ ಪಾಲು ಬೇಕು

ಸುಗ್ಗಿ ಮುಗಿಯುತ್ತಿದ್ದಂತೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಬಸ್ ನಿಲ್ದಾಣಗಳಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುವವರು ಹೆಚ್ಚುತ್ತಾರೆ. ಜೋಳದ ಹಿಟ್ಟಿನ ಚೀಲ, ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಕೆಂಪು ಖಾರ, ಕೌದಿ, ನಾಲ್ಕಾರು ಬೋಗುಣಿ. ಪಕ್ಕದಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳು. ‘ದುಡಿಯಾಕ ಹೊಂಟೀವಿ’ ಎನ್ನುವ ಈ ಮಂದಿಯಲ್ಲಿ ಬಹಳಷ್ಟು ಜನ ಸೇರುವುದು ರಾಜಧಾನಿಯ ಕಟ್ಟಡ ಕೆಲಸಕ್ಕೆ, ಅಲ್ಲಿನ ತಗಡಿನ ಶೆಡ್ಡುಗಳಿಗೆ.

ಅಂಗನವಾಡಿಯಿಂದ ಸರ್ಕಾರಿ ಆಸ್ಪತ್ರೆಯವರೆಗೆ ಇವರನ್ನು ನೋಡಿಕೊಂಡಿದ್ದು ಯಾದಗಿರಿ ಜಿಲ್ಲೆ. ಇವರ ರಟ್ಟೆಯ ಬಲದಿಂದ ಎದ್ದ ಕಟ್ಟಡಗಳ ಆಸ್ತಿ ತೆರಿಗೆ ಬೆಂಗಳೂರಿನದು. ಹಾಗಾದರೆ ಸಾಕಿ ಬೆಳೆಸಿದ ಊರಿಗೆ ಏನು?

ಇದೇ ಪ್ರಶ್ನೆಯನ್ನು ಜಪಾನಿನ ಫುಕುಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಇಸ್ಸೇಯಿ ನಿಶಿಕಾವಾ ಎತ್ತಿದ್ದರು. ಮಕ್ಕಳನ್ನು ಓದಿಸುವ ಖರ್ಚು ಹಳ್ಳಿಗಾಡಿನದು, ಅವರು ದುಡಿಯತೊಡಗಿದ ಮೇಲೆ ತೆರಿಗೆ ಟೋಕಿಯೊದ್ದು ಎಂಬುದು ಅವರ ತಕರಾರು. 2008ರಲ್ಲಿ ಅಲ್ಲಿ ‘ಫುರುಸಾತೊ ನೋಜೆಯ್’ ಎಂಬ ತವರೂರ ತೆರಿಗೆ ಪದ್ಧತಿ ಜಾರಿಗೆ ಬಂತು. ತೆರಿಗೆದಾರರು ತಮಗೆ ಬೇಕಾದ ಊರಿಗೆ ದಾನ ಕೊಡಬಹುದು. ಅದರಲ್ಲಿ 2,000 ಯೆನ್ ಅವರ ಕೈಯಿಂದ ಹೋಗುತ್ತದೆ; ಉಳಿದದ್ದು, ಆದಾಯಕ್ಕೆ ತಕ್ಕ ಮಿತಿಯೊಳಗೆ, ಕಟ್ಟಬೇಕಾದ ತೆರಿಗೆಯಲ್ಲೇ ಕಡಿತವಾಗುತ್ತದೆ. ದಾನ ಪಡೆದ ಊರು ತನ್ನ ನೆಲದ ಉತ್ಪನ್ನವನ್ನು ಉಡುಗೊರೆಯಾಗಿ ಕಳಿಸುತ್ತದೆ: ಮಿಯಾಕೊನೊಜೊದಿಂದ ದನದ ಮಾಂಸ, ಶೋಚು ಮದ್ಯ, ಹೊಕ್ಕೈಡೊದ ಮೊನ್‌ಬೆತ್ಸುವಿನಿಂದ ಏಡಿ, ಚಿಪ್ಪುಮೀನು. 2023ರ ಹಣಕಾಸು ವರ್ಷದಲ್ಲಿ ಈ ದಾನದ ಮೊತ್ತ ಒಂದು ಲಕ್ಷ ಕೋಟಿ ಯೆನ್ ದಾಟಿತು.

ಉಡುಗೊರೆಯ ಆಸೆ ಊರಿನ ಪ್ರೀತಿಯನ್ನು ಹಿಂದಿಕ್ಕಿದ್ದೂ ಉಂಟು. ಒಸಾಕಾ ಪ್ರಾಂತ್ಯದ ಇಜುಮಿಸಾನೊ ನಗರವು ಅಮೆಜಾನ್ ಗಿಫ್ಟ್ ಕಾರ್ಡ್‌ಗಳನ್ನೂ ಹಂಚಿ, 2018ರ ಸಾಲಿನಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ದಾನ ಎತ್ತಿತು. ಉಡುಗೊರೆ ಸ್ಥಳೀಯ ವಸ್ತುವೇ ಆಗಿರಬೇಕು, ದಾನದ ಶೇ 30ರಷ್ಟನ್ನು ಮೀರಬಾರದು ಎಂಬ ಕಟ್ಟುನಿಟ್ಟಿನ ನಿಯಮ 2019ರ ಜೂನ್‌ನಲ್ಲಿ ಬಂತು.

ನಮ್ಮಲ್ಲಿ ‘80ಜಿ’ ಎಂದೇ ಜನ ಬಲ್ಲ ವಿನಾಯಿತಿ ದಾನವನ್ನು ಆದಾಯದಲ್ಲಿ ಕಳೆಯುತ್ತದೆಯೇ ಹೊರತು ತೆರಿಗೆಯಲ್ಲಿ ಅಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದೂ ಇಲ್ಲ. ಜಪಾನಿನ ಮಾದರಿಯನ್ನು ಇದ್ದಂತೆಯೇ ತಂದರೂ ಯಾದಗಿರಿಗೆ ದಕ್ಕುವುದು ಅಷ್ಟಕ್ಕಷ್ಟೆ. ಊರು ಬಿಟ್ಟ ಎಂಜಿನಿಯರ್‌ಗಳು, ವೈದ್ಯರು ಇದ್ದಾರೆ, ನಿಜ. ಆದರೆ ಗುಳೆ ಹೋದ ಕೂಲಿಕಾರರು ಆದಾಯ ತೆರಿಗೆಯ ಲೆಕ್ಕಕ್ಕೇ ಬರುವುದಿಲ್ಲ. ಅವರ ಬೆವರಿಗೆ ನೇರ ಸಂಬಂಧವಿರುವುದು ಕಟ್ಟಡ ಕಾರ್ಮಿಕರ ಸೆಸ್. 1996ರ ಕಾಯ್ದೆಯಿಂದ ಶುರುವಾದ ಪದ್ಧತಿಯಂತೆ ರಾಜ್ಯದಲ್ಲಿ ನಿರ್ಮಾಣ ವೆಚ್ಚದ ಶೇ 1ರಷ್ಟನ್ನು ಕಟ್ಟಿಸುವವರಿಂದ ವಸೂಲು ಮಾಡಿ, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಿಸಲಾಗುತ್ತದೆ. ಹೆರಿಗೆ, ಮದುವೆ, ಚಿಕಿತ್ಸೆ, ಮಕ್ಕಳ ಓದಿನ ನೆರವು ನೋಂದಾಯಿತ ಕಾರ್ಮಿಕರಿಗೆ ಅದರಿಂದ ಸಿಗುತ್ತದೆ, ಅದೂ ಅರ್ಜಿ ಹಿಡಿದು ಓಡಾಡಿದವರಿಗೆ.

ಈ ಸೆಸ್ಸಿನ ಒಂದು ಪಾಲು ಕಾರ್ಮಿಕರ ಹುಟ್ಟೂರಿನ ತಾಲ್ಲೂಕಿಗೆ ಮರಳಬೇಕು. ಬೇಡಿಕೆ ದಾನದ್ದಲ್ಲ, ಹಕ್ಕಿನದು. ಹಣ ಕಾರ್ಮಿಕರ ಕುಟುಂಬಕ್ಕೇ ಸಲ್ಲಬೇಕೆಂಬ ಸೆಸ್ ಕಾನೂನಿನ ಆಶಯಕ್ಕೂ ಇದರಿಂದ ಧಕ್ಕೆಯಿಲ್ಲ. ಅಪ್ಪ, ಅವ್ವ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ನಿಲಯಗಳು ಬೇಕು. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ ‘ಕೂಸಿನ ಮನೆ’ಗಳಿಗೆ ಬಲ ಬೇಕು. 2011ರ ಜನಗಣತಿಯಂತೆ ಯಾದಗಿರಿಯ ಸಾಕ್ಷರತೆ ಶೇ 51.8, ರಾಜ್ಯದಲ್ಲೇ ಕನಿಷ್ಠ. ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ 2002ರಲ್ಲೇ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ವರ್ಷದ ನಡುವೆ ಶಾಲೆ ತಪ್ಪಿದ ಮಗು ಮತ್ತೆ ಅದೇ ತರಗತಿಗೆ ಹೊಂದಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಇಲ್ಲಿನ ಯಾವ ಮೇಷ್ಟ್ರಿಗೂ ಗೊತ್ತು.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ಅನುದಾನವಿದೆ, ಮತ್ತೇಕೆ ಇದು ಎಂದು ಕೇಳುವವರಿದ್ದಾರೆ. ಅದು ಪ್ರದೇಶದ ಹಿಂದುಳಿದಿರುವಿಕೆಗೆ ಸಿಕ್ಕ ಹಣ. ಇದು ದುಡಿಮೆಯ ಪಾಲು. ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳಿಹಾಕುವುದು ಅನ್ಯಾಯ.

ಉಡುಗೊರೆಯ ಜಪಾನಿ ಪಾಠವನ್ನು ಸಂಬಳದ ಮಂದಿಗೆ ಅನ್ವಯಿಸಬಹುದು. ಬೆಂಗಳೂರಿನಲ್ಲಿ ನೆಲೆಸಿದ ಶಹಾಪುರದವರು ತಮ್ಮ ಪಂಚಾಯಿತಿಗೆ ಕೊಟ್ಟ ಹಣಕ್ಕೆ ತೆರಿಗೆಯಲ್ಲೇ ಕಡಿತ ಸಿಗಲಿ, ಊರಿನ ಸ್ತ್ರೀಶಕ್ತಿ ಸಂಘಗಳಿಂದ ಅವರ ಮನೆಗೆ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ತೊಗರಿ ಬೇಳೆ ಹೋಗಲಿ. ಇದಕ್ಕೆ ಕೇಂದ್ರ ಸರ್ಕಾರ ಕಾಯ್ದೆ ತಿದ್ದಬೇಕು, ತಡವಾಗಬಹುದು. ಸೆಸ್ಸಿನ ವಿಷಯದಲ್ಲಿ ರಾಜ್ಯ ಸರ್ಕಾರ ಮೊದಲ ಹೆಜ್ಜೆ ಇಡಬಹುದು. ನೋಂದಣಿಗೆ ಕಾರ್ಮಿಕರು ಆಧಾರ್ ಕೊಡುವುದರಿಂದ ಊರು ಗುರುತಿಸುವುದೂ ದೊಡ್ಡ ಕೆಲಸವಲ್ಲ. ಸುರಪುರ ತಾಲ್ಲೂಕಿನಿಂದಲೇ ಶುರುವಾಗಲಿ. ಯಾವ ಊರಿನಿಂದ ಎಷ್ಟು ಮಂದಿ ದುಡಿಯಲು ಹೋದರು, ಅವರ ಹೆಸರಿನಲ್ಲಿ ಎಷ್ಟು ಹಣ ಮರಳಿತು, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕು, ಗುಳೆ ಹೋದವರು ಊರಲ್ಲಿರುವ ಹೊತ್ತಿಗೇ ಗ್ರಾಮಸಭೆ ಕರೆದು ಓದಬೇಕು.